ಯೂನಿಯನ್‌ಗೆ ಸೇರಲೇಬೇಕಾ? ಸೇರಿದರೆ ಕೆಲಸ ಹೋಗುತ್ತಾ?

ಓದುಗರ ಪ್ರಶ್ನೆ: ನಾನು ಪೀಣ್ಯದಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ ಆಪರೇಟರ್. ಐಟಿಐ ಮುಗಿಸಿ ಸೇರಿ ಮೂರು ವರ್ಷ ಆಯಿತು. ಇನ್ನೂ ಟ್ರೈನಿ ಅಂತಲೇ ಇದ್ದೇನೆ. ನಮ್ಮಲ್ಲಿ ಎರಡು ಯೂನಿಯನ್ ಇವೆ. ದೊಡ್ಡ ಯೂನಿಯನ್‌ನವರು ಫಾರಂ ಕೊಟ್ಟು, ‘ಸೇರದಿದ್ದರೆ ಮುಂದಿನ ಸಂಬಳದ ಅಗ್ರಿಮೆಂಟಿನ ದುಡ್ಡು ನಿನಗೆ ಬರಲ್ಲ’ ಅಂದರು. ಎರಡು ದಿನ ಬಿಟ್ಟು ಎಚ್‌ಆರ್‌ನವರು ಕರೆದು, ‘ಯೂನಿಯನ್ ಕಡೆ ಹೋದರೆ ಕನ್ಫರ್ಮೇಷನ್, ಅಂದರೆ ಪರ್ಮನೆಂಟ್ ಆಗುವುದು, ಕಷ್ಟ’ ಅಂದರು. ಒಂದು ಕಾಗದಕ್ಕೆ ಸಹಿ ಕೇಳಿದರು, ನಾನು ಆಮೇಲೆ ಅಂತ ಬಂದುಬಿಟ್ಟೆ. ಸೇರಲೇಬೇಕಾ? ಸೇರದಿದ್ದರೂ ಸಂಬಳದಲ್ಲಿ ಚಂದಾ ಹಿಡಿಯಬಹುದಾ? ಸೇರಿದ ಮೇಲೆ ಬೇಡ ಅನ್ನಿಸಿದರೆ ಬಿಡಬಹುದಾ? ಅಮೆರಿಕದಲ್ಲಿರುವ ನನ್ನ ಅಣ್ಣ ಅಲ್ಲಿ ಸೇರದಿದ್ದರೂ ದುಡ್ಡು ಕೊಡಬೇಕು ಅಂತಾನೆ. ನಮ್ಮಲ್ಲೂ ಹಾಗೇನಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಸೇರಲೇಬೇಕು ಅಂತ ಯಾವ ಕಾನೂನೂ ಇಲ್ಲ. ಸೇರಬೇಡ ಅನ್ನುವ ಹಕ್ಕು ಕಂಪನಿಗೂ ಇಲ್ಲ. ಫಾರಂ ಮೇಲೆ ಬೀಳುವುದು ನಿಮ್ಮ ಸಹಿ. ಅದನ್ನು ಹಾಕಿಸುವುದಕ್ಕೂ ತಡೆಯುವುದಕ್ಕೂ ಬೇರೆಯವರಿಗೆ ಅಧಿಕಾರ ಇಲ್ಲ. ಎಚ್‌ಆರ್ ಕೊಟ್ಟ ಕಾಗದಕ್ಕೆ ಸಹಿ ಹಾಕದೆ ಬಂದಿರಲ್ಲ, ಅದು ನೀವು ಮಾಡಿದ ಬಹಳ ಒಳ್ಳೆಯ ಕೆಲಸ. ಅದರ ಬಗ್ಗೆ ಆಮೇಲೆ ವಿವರವಾಗಿ ಹೇಳುತ್ತೇನೆ.

ನಾನು ಹನ್ನೊಂದು ವರ್ಷ ಲೇತ್ ಮೇಲೆ ಕೆಲಸ ಮಾಡಿದವನು. ಯೂನಿಯನ್ ಕಮಿಟಿಯಲ್ಲೂ ಇದ್ದೆ. ಆಮೇಲೆ ಸಂಜೆ ಕಾಲೇಜಿನಲ್ಲಿ ಲಾ ಓದಿ ಲೇಬರ್ ಕೋರ್ಟಿಗೆ ಬಂದೆ. ಹಾಗಾಗಿ ನನಗೆ ಯೂನಿಯನ್ ಬಗ್ಗೆ ಪ್ರೀತಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹೆದರಿಸಿ ಸದಸ್ಯತ್ವ ಮಾಡಿಸುವುದನ್ನು ನಾನು ಅವತ್ತೂ ಒಪ್ಪಲಿಲ್ಲ, ಇವತ್ತೂ ಒಪ್ಪುವುದಿಲ್ಲ. ಹೆದರಿ ಸೇರಿದವನು ಕಷ್ಟ ಬಂದ ದಿನ ಗೇಟ್ ಮೀಟಿಂಗಿಗೂ ಬರುವುದಿಲ್ಲ.

ಈ ಹಕ್ಕು ಸುಮ್ನೆ ಬಂದಿದ್ದಲ್ಲ, ಅದು ಹೇಗೆ ಬಂತು ಅಂತ ಸ್ವಲ್ಪ ಹೇಳುತ್ತೇನೆ. ಮದ್ರಾಸಿನ ಬಿನ್ನಿ ಕಂಪನಿಯ ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಮಿಲ್ಲಿನ ಕಾರ್ಮಿಕರಿಗೆ ಮಧ್ಯಾಹ್ನ ಊಟಕ್ಕೂ ಸರಿಯಾಗಿ ಬಿಡುವು ಸಿಗುತ್ತಿರಲಿಲ್ಲ. 1918ರ ಏಪ್ರಿಲ್ 27ರಂದು ಅಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ಬಿ.ಪಿ. ವಾಡಿಯಾ ಅದರ ಅಧ್ಯಕ್ಷರು. ಎರಡು ವರ್ಷದ ನಂತರ ಜಗಳ ಜೋರಾದಾಗ ಕಂಪನಿ ಸೀದಾ ಹೈಕೋರ್ಟಿಗೆ ಹೋಗಿ, ನಮ್ಮ ಕೆಲಸಗಾರರನ್ನು ಇವರು ಎತ್ತಿಕಟ್ಟುತ್ತಿದ್ದಾರೆ ಅಂತ ವಾಡಿಯಾ ಮತ್ತು ಯೂನಿಯನ್‌ನ ಮುಖಂಡರ ಮೇಲೆ ದಾವೆ ಹಾಕಿತು. ಕೋರ್ಟ್ ತಡೆಯಾಜ್ಞೆ ಕೊಟ್ಟೇಬಿಟ್ಟಿತು. ಅಂದರೆ ಕಾರ್ಮಿಕರು ಒಟ್ಟಾಗಿ ಕೂತು ಮಾತಾಡಿದ್ದೇ ತಪ್ಪು ಅನ್ನುವ ಸ್ಥಿತಿ. 1921ರಲ್ಲಿ ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರು ಕೇಂದ್ರ ಶಾಸನಸಭೆಯಲ್ಲಿ ನಿರ್ಣಯ ತಂದರು. ಯೂನಿಯನ್‌ಗಳಿಗೆ ನೋಂದಣಿ ಬೇಕು, ರಕ್ಷಣೆ ಬೇಕು ಅಂತ. ಅದರಿಂದಲೇ 1926ರ ಟ್ರೇಡ್ ಯೂನಿಯನ್ ಕಾಯ್ದೆ ಬಂತು. ನೋಂದಣಿಯಾದ ಯೂನಿಯನ್ ನ್ಯಾಯವಾಗಿ ನಡೆಸುವ ಹೋರಾಟಕ್ಕೆ ಒಳಸಂಚಿನ ಕೇಸು ಹಾಕುವಂತಿಲ್ಲ, ಸಿವಿಲ್ ದಾವೆ ಹಾಕುವಂತಿಲ್ಲ ಅನ್ನುವ 17 ಮತ್ತು 18ನೇ ಸೆಕ್ಷನ್‌ಗಳು ಬಂದದ್ದು ಹೀಗೆ.

ಆಮೇಲೆ ಸಂವಿಧಾನದ 19(1)(ಸಿ) ವಿಧಿ ಸಂಘ ಕಟ್ಟುವ ಹಕ್ಕನ್ನು ಮೂಲಭೂತ ಹಕ್ಕು ಮಾಡಿತು. ತನ್ನ ಮಾನ್ಯತೆ ಇಲ್ಲದ ಸಂಘಕ್ಕೆ ನೌಕರರು ಸೇರಬಾರದು ಅಂತ ಕೇಂದ್ರ ಸರ್ಕಾರ ಒಂದು ನಿಯಮ ಮಾಡಿಕೊಂಡಿತ್ತು. 1962ರಲ್ಲಿ ಓ.ಕೆ. ಘೋಷ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಇಲ್ಲಿ ಒಂದು ವಿಷಯವನ್ನು ಜನ ತಪ್ಪು ತಿಳಿಯುತ್ತಾರೆ. ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರದ ವಿರುದ್ಧ ಕೆಲಸ ಮಾಡುತ್ತದೆ. ನಿಮ್ಮದು ಖಾಸಗಿ ಕಾರ್ಖಾನೆ. ಎಚ್‌ಆರ್ ಹೆದರಿಸಿದರೆ ಸಂವಿಧಾನದ ಪುಸ್ತಕ ಹಿಡಿದು ಹೈಕೋರ್ಟಿಗೆ ಓಡಲು ಆಗುವುದಿಲ್ಲ. ನಿಮಗೆ ಕೈಗೆ ಸಿಗುವ ಆಯುಧ ಬೇರೆ ಇದೆ.

ಅದು ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ ಐದನೇ ಅನುಸೂಚಿಯಾಗಿ ಸೇರಿ 1984ರಿಂದ ಜಾರಿಯಲ್ಲಿತ್ತು. ಈಗ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಎರಡನೇ ಅನುಸೂಚಿಯಾಗಿ ಇದೆ. ಈ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಈ ಪಟ್ಟಿಯನ್ನು ಒಮ್ಮೆ ಓದಿ, ಎರಡೇ ಮೂರು ಪುಟ. ಯೂನಿಯನ್‌ಗೆ ಸೇರಿದರೆ ಕೆಲಸದಿಂದ ತೆಗೆಯುತ್ತೇವೆ ಅಂತ ಬೆದರಿಸುವುದು ತಪ್ಪು. ಸಂಘಟನೆ ಮುರಿಯಲು ಸರಿಯಾಗಿ ಆ ಹೊತ್ತಿಗೇ ಸಂಬಳ ಜಾಸ್ತಿ ಮಾಡುವುದು ತಪ್ಪು. ಮ್ಯಾನೇಜ್‌ಮೆಂಟೇ ಒಂದು ಯೂನಿಯನ್ ಹುಟ್ಟಿಸಿ ಸಾಕುವುದು ತಪ್ಪು. ಯೂನಿಯನ್ ಕೆಲಸ ಮಾಡಿದ ಅಂತ ಒಬ್ಬನನ್ನು ಬಡ್ತಿಯಿಂದ ತಪ್ಪಿಸುವುದೂ ತಪ್ಪು. ನಿಮ್ಮ ಎಚ್‌ಆರ್ ಹೇಳಿದ ಮಾತು ಈ ಪಟ್ಟಿಯೊಳಗೇ ಬರುತ್ತದೆ.

ಆದರೆ ಆ ಪಟ್ಟಿ ಅಲ್ಲಿಗೆ ಮುಗಿಯುವುದಿಲ್ಲ. ಅದರ ಎರಡನೇ ಭಾಗ ಯೂನಿಯನ್‌ಗಳ ಬಗ್ಗೆ. ಒಬ್ಬ ಕಾರ್ಮಿಕನನ್ನು ಯೂನಿಯನ್‌ಗೆ ಸೇರು ಅಂತಲೋ, ಸೇರಬೇಡ ಅಂತಲೋ ಬಲವಂತ ಮಾಡುವುದು ಅದರ ಪ್ರಕಾರ ತಪ್ಪು. ಮುಷ್ಕರಕ್ಕೆ ಬಾರದವನನ್ನು ಗೇಟಿನಲ್ಲಿ ಅಡ್ಡ ನಿಂತು ದೈಹಿಕವಾಗಿ ತಡೆಯುವುದೂ ತಪ್ಪು. ನಮ್ಮ ಯೂನಿಯನ್ ಗೆಳೆಯರಲ್ಲಿ ಅನೇಕರಿಗೆ ಈ ಎರಡನೇ ಭಾಗ ಇರುವುದೇ ಗೊತ್ತಿಲ್ಲ. ಗೊತ್ತಿದ್ದವರೂ ಹೇಳುವುದಿಲ್ಲ. ಶಿಕ್ಷೆ ಏನು ಅಂತ ಕೇಳಬಹುದು. ಹಳೆಯ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ ಇತ್ತು. ಹೊಸ ಸಂಹಿತೆಯಲ್ಲಿ ಮೊದಲ ಸಲಕ್ಕೇ 10,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ ಇದೆ. ಕಾಗದದ ಮೇಲೆ ಇದು ಚೆನ್ನಾಗಿದೆ. ಆದರೆ ನನ್ನ ಅನುಭವದಲ್ಲಿ ಇದಕ್ಕೆ ಶಿಕ್ಷೆ ಆದದ್ದು ಬಹಳ ಅಪರೂಪ. ಎಲ್ಲವೂ ಮುಚ್ಚಿದ ಬಾಗಿಲ ಹಿಂದೆ ಬಾಯಿಮಾತಿನಲ್ಲಿ ನಡೆಯುತ್ತದೆ, ಸಾಕ್ಷಿ ಇರುವುದಿಲ್ಲ. ಅದಕ್ಕೇ ಬರೆದಿಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಯಾವ ದಿನ, ಎಷ್ಟು ಗಂಟೆಗೆ, ಯಾರು ಕರೆದರು, ಏನಂದರು ಅಂತ ಅವತ್ತೇ ರಾತ್ರಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಕೋರ್ಟಿನಲ್ಲಿ ಎರಡು ವರ್ಷದ ನಂತರ ನೆನಪಿನಿಂದ ಹೇಳುವುದಕ್ಕಿಂತ ಇದಕ್ಕೆ ತೂಕ ಜಾಸ್ತಿ.

ಈಗ ಅಗ್ರಿಮೆಂಟಿನ ದುಡ್ಡಿನ ವಿಷಯಕ್ಕೆ ಬರೋಣ. ದೊಡ್ಡ ಯೂನಿಯನ್‌ನವರು ಹೇಳಿದ್ದು ಪೂರ್ತಿ ನಿಜ ಅಲ್ಲ. ಅಗ್ರಿಮೆಂಟಿನಲ್ಲಿ ಎರಡು ಥರ ಇವೆ. ಶಾಪ್ ಫ್ಲೋರಿನಲ್ಲಿ ಎಲ್ಲರೂ ‘12(3)’ ಮತ್ತು ‘18(1)’ ಅಂತಲೇ ಕರೆಯುತ್ತಾರೆ. ಇವು ಹಳೆಯ ಕಾಯ್ದೆಯ ಸೆಕ್ಷನ್‌ಗಳು. ಲೇಬರ್ ಆಫೀಸರ್ ಮುಂದೆ ರಾಜಿ ಸಂಧಾನ ನಡೆದು ಆದ ಒಪ್ಪಂದ 12(3). ಅದು ಆ ಕಾರ್ಖಾನೆಯ ಎಲ್ಲ ಕಾರ್ಮಿಕರಿಗೂ ಅನ್ವಯ. ಯೂನಿಯನ್‌ನಲ್ಲಿ ಇರಲಿ, ಇಲ್ಲದಿರಲಿ, ಬೇರೆ ಯೂನಿಯನ್‌ನಲ್ಲಿ ಇರಲಿ, ನಾಳೆ ಹೊಸದಾಗಿ ಸೇರುವವನೇ ಇರಲಿ. ಸಂಬಳ ಜಾಸ್ತಿ ಆದರೆ ಎಲ್ಲರಿಗೂ ಜಾಸ್ತಿ. ಪ್ರೊಡಕ್ಷನ್ ನಾರ್ಮ್ಸ್ ಏರಿಸಲು ಒಪ್ಪಿದ್ದರೆ ಆ ಹೊರೆಯೂ ಎಲ್ಲರ ಮೇಲೆ. ಎರಡನೆಯದು 18(1), ಕಂಪನಿ ಮತ್ತು ಯೂನಿಯನ್ ತಮ್ಮ ತಮ್ಮಲ್ಲೇ ಕೂತು ಮಾಡಿಕೊಂಡದ್ದು. ಅದು ಸಹಿ ಮಾಡಿದ ಪಾರ್ಟಿಗಳಿಗೆ ಮಾತ್ರ. ಆದರೂ ಹೊರಗಿರುವವರು ನಾವೂ ಇದನ್ನು ಒಪ್ಪುತ್ತೇವೆ ಅಂತ ಒಬ್ಬೊಬ್ಬರೇ ಸಹಿ ಮಾಡಿ ಪಡೆಯುವುದು ರೂಢಿಯಲ್ಲಿದೆ. ಹೊಸ ಸಂಹಿತೆಯಲ್ಲೂ ಈ ವ್ಯತ್ಯಾಸ ಉಳಿದಿದೆ, ಸೆಕ್ಷನ್ ನಂಬರ್ ಮಾತ್ರ ಬದಲಾಗಿದೆ.

ಹಾಗಾಗಿ ನೀವು ಸೇರದಿದ್ದರೆ ಸಾಮಾನ್ಯವಾಗಿ ಕಳೆದುಕೊಳ್ಳುವುದು ದುಡ್ಡನ್ನಲ್ಲ, ಮಾತನ್ನು. ಬೇಡಿಕೆ ಪಟ್ಟಿಯಲ್ಲಿ ಏನು ಹಾಕಬೇಕು, ಬೇಸಿಕ್ ಕೇಳಬೇಕಾ ಅಲೋಯನ್ಸ್ ಕೇಳಬೇಕಾ, ಮೂರು ವರ್ಷದ ಒಪ್ಪಂದವೋ ನಾಲ್ಕು ವರ್ಷದ್ದೋ, ಟ್ರೈನಿಗಳ ವಿಷಯ ಎತ್ತಬೇಕಾ ಬಿಡಬೇಕಾ ಅನ್ನುವುದೆಲ್ಲ ಜನರಲ್ ಬಾಡಿಯಲ್ಲಿ ತೀರ್ಮಾನ ಆಗುತ್ತದೆ. ನೀವು ಅಲ್ಲಿ ಇರುವುದಿಲ್ಲ. ಆದರೆ ತೀರ್ಮಾನ ನಿಮ್ಮ ಮೇಲೆ ಬೀಳುತ್ತದೆ. ಇದು ನನ್ನ ಮಟ್ಟಿಗೆ ಸೇರುವುದಕ್ಕೆ ಇರುವ ದೊಡ್ಡ ಕಾರಣ. ‘ದುಡ್ಡು ಬರಲ್ಲ’ ಅನ್ನುವ ಸುಳ್ಳಿಗಿಂತ ಈ ನಿಜವನ್ನು ಹೇಳಿ ಕರೆದರೆ ಹುಡುಗರು ಬರುತ್ತಾರೆ.

ಒಂದು ಎಚ್ಚರಿಕೆ. ಒಪ್ಪಂದದಲ್ಲಿ ‘ಪರ್ಮನೆಂಟ್ ಕಾರ್ಮಿಕರಿಗೆ ಮಾತ್ರ’ ಅಂತ ಬರೆದಿದ್ದರೆ ಟ್ರೈನಿಯಾದ ನಿಮಗೆ ಸದಸ್ಯರಾಗಿದ್ದರೂ ಬರುವುದಿಲ್ಲ. ಹೋದ ಸಲದ ಒಪ್ಪಂದದ ಪ್ರತಿ ಕೇಳಿ ತೆಗೆದುಕೊಂಡು ಯಾರಿಗೆ ಅನ್ವಯ ಅನ್ನುವ ಕಲಂ ಓದಿ.

ಚಂದಾ ಬಗ್ಗೆ: ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಸದಸ್ಯತ್ವದ ಚಂದಾವನ್ನು ಸಂಬಳದಿಂದ ಹಿಡಿಯುವಂತಿಲ್ಲ. ವೇತನ ಪಾವತಿ ಕಾಯ್ದೆಯಲ್ಲೇ ಇದು ಸ್ಪಷ್ಟವಾಗಿತ್ತು. ಕಂಪನಿ ಸಂಬಳದಲ್ಲಿ ಹಿಡಿದು ಯೂನಿಯನ್‌ಗೆ ಕೊಡುವ ಏರ್ಪಾಡಿಗೆ ಚೆಕ್ ಆಫ್ ಅಂತಾರೆ, ಅದಕ್ಕೆ ಒಂದೊಂದು ಸಹಿ ಬೇಕು. ಕೈಯಲ್ಲಿ ಕೊಟ್ಟರೆ ರಸೀದಿ ಕೇಳಿ. ಆದರೆ ಒಂದು ತೀರ್ಪು ನೀವು ತಿಳಿದಿರಬೇಕು. ಮುಂಬೈನ ಬಾಲ್ಮರ್ ಲಾರಿ ಕಂಪನಿಯಲ್ಲಿ ಮಾನ್ಯತೆ ಪಡೆದ ಯೂನಿಯನ್ ಒಂದು ಒಪ್ಪಂದ ಮಾಡಿಕೊಂಡಿತು. ಅದರಲ್ಲಿ ಕಾರ್ಮಿಕರಿಗೆ ಬರುವ ಹಿಂದಿನ ಬಾಕಿ, ಅಂದರೆ ಅರಿಯರ್ಸ್‌ನಿಂದ 15% ಹಿಡಿದು ಯೂನಿಯನ್ ನಿಧಿಗೆ ಕೊಡಬೇಕು ಅಂತ ಇತ್ತು. ಸದಸ್ಯರಲ್ಲದವರಿಂದಲೂ. ಇನ್ನೊಂದು ಯೂನಿಯನ್ ಸುಪ್ರೀಂ ಕೋರ್ಟಿಗೆ ಹೋಯಿತು. ನಾವು ಇವರ ಸದಸ್ಯರೇ ಅಲ್ಲ, ನಮ್ಮ ದುಡ್ಡು ಇವರಿಗೆ ಯಾಕೆ ಅಂತ. 1984ರಲ್ಲಿ ಕೋರ್ಟ್ ಆ ಕಲಂ ಎತ್ತಿಹಿಡಿಯಿತು. ಒಪ್ಪಂದದ ಲಾಭ ತೆಗೆದುಕೊಂಡ ಮೇಲೆ ಅದರ ಜೊತೆ ಬಂದ ಈ ಭಾರವನ್ನೂ ಹೊರಬೇಕು ಅನ್ನುವುದು ಅದರ ವಾದ. ಅದು ಮಹಾರಾಷ್ಟ್ರದ ಬೇರೆ ಕಾಯ್ದೆಯ ಅಡಿಯಲ್ಲಿ ಬಂದದ್ದು, ನಿಜ. ಆದರೂ ‘ಅಗ್ರಿಮೆಂಟ್ ಫಂಡ್’ ಅಂತ ಒಂದು ಸಲ ಹಿಡಿಯುವ ದುಡ್ಡಿನ ಜಗಳ ಬಂದಾಗಲೆಲ್ಲ ಈ ತೀರ್ಪು ಎದ್ದು ಬರುತ್ತದೆ. ತಿಂಗಳ ಚಂದಾ ಬೇರೆ, ಒಪ್ಪಂದದ ಹೊತ್ತಿನ ಒಂದು ಬಾರಿಯ ಹಣ ಬೇರೆ. ಇವೆರಡನ್ನೂ ಕಲಸಿಕೊಳ್ಳಬೇಡಿ.

ನನಗೆ ಆ ತೀರ್ಪು ಪೂರ್ತಿ ಒಪ್ಪಿಗೆ ಇಲ್ಲ. ಹೊರಗಿರುವವನಿಗೆ ಲಾಭ ಸಿಕ್ಕಿತು, ಅವನೂ ಸ್ವಲ್ಪ ಕೊಡಲಿ ಅನ್ನುವುದು ನ್ಯಾಯವೇ. ವರ್ಷಗಟ್ಟಲೆ ಚಂದಾ ಕೊಟ್ಟು, ಸಸ್ಪೆಂಡ್ ಆಗಿ, ಲೇಬರ್ ಆಫೀಸ್ ಸುತ್ತಿದವರ ಸಂಕಟ ನನಗೆ ಗೊತ್ತು. ಆದರೆ ಅದನ್ನು ಕೇಳಿ ತೆಗೆದುಕೊಳ್ಳಬೇಕು, ಸಂಬಳದ ಚೀಟಿಯಲ್ಲಿ ಹೇಳದೆ ಕತ್ತರಿಸಬಾರದು.

ನಿಮ್ಮ ಅಣ್ಣ ಹೇಳಿದ್ದು ಅಲ್ಲಿನ ಕೆಲವು ರಾಜ್ಯಗಳ ಮಟ್ಟಿಗೆ ಸರಿ. ಅಮೆರಿಕದಲ್ಲಿ ಯೂನಿಯನ್ ಸದಸ್ಯರನ್ನೇ ಕೆಲಸಕ್ಕೆ ತೆಗೆದುಕೊಳ್ಳಬೇಕು ಅನ್ನುವ ಪದ್ಧತಿಯನ್ನು 1947ರ ಟಾಫ್ಟ್-ಹಾರ್ಟ್ಲಿ ಕಾಯ್ದೆ ನಿಷೇಧಿಸಿತು. ಆದರೆ ಸದಸ್ಯನಲ್ಲದವನೂ ಕಂಪನಿ ಜೊತೆಗಿನ ಮಾತುಕತೆಯ ಖರ್ಚಿಗೆ ಒಂದು ಶುಲ್ಕ ಕೊಡಬೇಕು ಅಂತ ಒಪ್ಪಂದ ಮಾಡಿಕೊಳ್ಳಲು ಅವಕಾಶ ಉಳಿಯಿತು. ಬೇಡ ಅನ್ನುವ ರಾಜ್ಯ ತನ್ನದೇ ಕಾನೂನು ಮಾಡಿ ಅದನ್ನು ತಡೆಯಬಹುದು. ಅಂಥ ರಾಜ್ಯಗಳು ಅರ್ಧಕ್ಕಿಂತ ಜಾಸ್ತಿ ಇವೆ. ಮಿಷಿಗನ್ 2012ರಲ್ಲಿ ಅಂಥ ಕಾನೂನು ಮಾಡಿ 2023ರಲ್ಲಿ ರದ್ದು ಮಾಡಲು ತೀರ್ಮಾನಿಸಿತು. ಸರ್ಕಾರಿ ನೌಕರರ ಮಟ್ಟಿಗೆ ಅಲ್ಲಿನ ಸುಪ್ರೀಂ ಕೋರ್ಟಿನ 2018ರ ಜಾನಸ್ ತೀರ್ಪು ದೇಶವಿಡೀ ಆ ಶುಲ್ಕ ನಿಲ್ಲಿಸಿತು. ನಮ್ಮಲ್ಲಿ ಈ ಥರದ ಶುಲ್ಕದ ವ್ಯವಸ್ಥೆಯೇ ಬೆಳೆಯಲಿಲ್ಲ. ನಮ್ಮ ತೊಂದರೆ ಬೇರೆ. ನಾವು ಯಾವ ಯೂನಿಯನ್‌ಗೆ ಬೇಕಾದರೂ ಸೇರಬಹುದು, ಆದರೆ ಕಂಪನಿ ಯಾರ ಜೊತೆ ಮಾತಾಡಬೇಕು ಅನ್ನುವುದು ನಮ್ಮ ಕೈಯಲ್ಲಿ ಇರಲಿಲ್ಲ.

ಇದು ಎಷ್ಟು ದೊಡ್ಡ ವಿಷಯ ಅಂತ ಮುಂಬೈ ಮಿಲ್ಲುಗಳನ್ನು ನೋಡಿದರೆ ತಿಳಿಯುತ್ತದೆ. ಅಲ್ಲಿ 1946ರ ಬಾಂಬೆ ಕೈಗಾರಿಕಾ ಸಂಬಂಧಗಳ ಕಾಯ್ದೆಯಡಿ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕೆ ಮಾತ್ರ ಪ್ರತಿನಿಧಿ ಯೂನಿಯನ್ ಅನ್ನುವ ಪಟ್ಟ ಇತ್ತು. ಬೋನಸ್ ವಿಷಯದಲ್ಲಿ ಕಾರ್ಮಿಕರು ಅದರ ಮೇಲೆ ಸಿಟ್ಟಾಗಿ ಇನ್ನೊಬ್ಬ ಯೂನಿಯನ್ ನಾಯಕ ಡಾ. ದತ್ತಾ ಸಾಮಂತ್ ಅವರ ಬಾಗಿಲಿಗೆ ಹೋದರು. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಜನ ಕೆಲಸ ನಿಲ್ಲಿಸಿದರು. ಇಷ್ಟು ಜನ ತಮ್ಮ ನಾಯಕನನ್ನು ಆರಿಸಿಕೊಂಡಿದ್ದರು. ಆದರೆ ಕಾನೂನಿನ ಕಣ್ಣಿಗೆ ಅವರ ಪ್ರತಿನಿಧಿ ಅವರು ಬಿಟ್ಟು ಬಂದ ಹಳೆಯ ಸಂಘವೇ. ಮಾಲೀಕರು ಸಾಮಂತ್ ಜೊತೆ ಕೂರಲಿಲ್ಲ, ಸರ್ಕಾರವೂ ಬಗ್ಗಲಿಲ್ಲ. ಒಂದು ವರ್ಷ ಕಳೆದರೂ ಮುಗಿಯಲಿಲ್ಲ. ಮುಷ್ಕರ ಮುಗಿಯಿತು ಅಂತ ಯಾರೂ ಘೋಷಿಸಲೂ ಇಲ್ಲ. ಸಾವಿರಾರು ಕುಟುಂಬ ಊರಿಗೆ ಹಿಂದಿರುಗಿದವು, ಅನೇಕ ಮಿಲ್ಲುಗಳು ಮತ್ತೆ ತೆರೆಯಲೇ ಇಲ್ಲ. ಸಾಮಂತ್ ಹಟ ಮಾಡಿದರು ಅನ್ನುವವರಿದ್ದಾರೆ, ಇರಬಹುದು. ಮಿಲ್ಲುಗಳು ಮೊದಲೇ ಸೊರಗಿದ್ದವು ಅನ್ನುವುದೂ ನಿಜ. ಆದರೆ ಸೇರುವ ಸ್ವಾತಂತ್ರ್ಯ ಕೊಟ್ಟು, ಸೇರಿದವರ ಮಾತಿಗೆ ಬೆಲೆ ಕೊಡದಿದ್ದರೆ ಏನಾಗುತ್ತದೆ ಅಂತ ನಾನು ಯೋಚಿಸುವಾಗಲೆಲ್ಲ ಮುಂಬೈನ ಮಿಲ್ಲುಗಳ ಪ್ರದೇಶವಾದ ಗಿರಣಗಾಂವ್‌ನ ಆ ತಣ್ಣಗಾದ ಚಿಮಣಿಗಳೇ ನೆನಪಾಗುತ್ತವೆ.

ನಮ್ಮ ಕಡೆ ಇನ್ನೊಂದು ಥರ. 1926ರ ಕಾಯ್ದೆಯಲ್ಲಿ ನೋಂದಣಿ ಇತ್ತು, ಮಾನ್ಯತೆ, ಅಂದರೆ ಕಂಪನಿ ಈ ಯೂನಿಯನ್ ಜೊತೆ ಮಾತಾಡಲೇಬೇಕು ಅನ್ನುವುದು, ಇರಲಿಲ್ಲ. ಮಾನ್ಯತೆ ಕಡ್ಡಾಯ ಮಾಡಲು 1947ರಲ್ಲಿ ತಿದ್ದುಪಡಿ ಪಾಸಾಯಿತು, ಆದರೆ ಅದನ್ನು ಜಾರಿಗೆ ತರಲೇ ಇಲ್ಲ. ಹೀಗಾಗಿ ಎರಡು ಯೂನಿಯನ್ ಇರುವ ಕಡೆ ಮ್ಯಾನೇಜ್‌ಮೆಂಟ್ ತನಗೆ ಅನುಕೂಲವಾದವರ ಜೊತೆ ಕೂರುತ್ತಿತ್ತು. ಹೊಸ ಸಂಹಿತೆ ಇದಕ್ಕೆ ಒಂದು ಲೆಕ್ಕ ಇಟ್ಟಿದೆ. ಮಸ್ಟರ್ ರೋಲ್‌ನಲ್ಲಿರುವ, ಅಂದರೆ ಹಾಜರಿ ಪಟ್ಟಿಯಲ್ಲಿರುವ, ಕಾರ್ಮಿಕರಲ್ಲಿ 51% ಅಥವಾ ಅದಕ್ಕಿಂತ ಜಾಸ್ತಿ ಬೆಂಬಲ ಇರುವ ಯೂನಿಯನ್ ಒಂದೇ ಮಾತುಕತೆ ನಡೆಸುವ ಯೂನಿಯನ್ ಆಗುತ್ತದೆ. ಯಾರಿಗೂ ಅಷ್ಟು ಇಲ್ಲದಿದ್ದರೆ ಕನಿಷ್ಠ 20% ಇರುವ ಯೂನಿಯನ್‌ಗಳ ಪ್ರತಿನಿಧಿಗಳು ಸೇರಿ ಒಂದು ಮಂಡಳಿ. ನಿಮ್ಮ ದೊಡ್ಡ ಯೂನಿಯನ್‌ನವರು ಈಗ ಯಾಕೆ ಇಷ್ಟು ಅವಸರದಲ್ಲಿ ಫಾರಂ ಹಂಚುತ್ತಿದ್ದಾರೆ ಅನ್ನುವುದು ನನಗೆ ಇದರಿಂದ ಅರ್ಥ ಆಗುತ್ತದೆ. ಅವರಿಗೆ 51 ಮುಟ್ಟಬೇಕು. ಚಿಕ್ಕ ಯೂನಿಯನ್‌ಗೆ 20 ಉಳಿಸಿಕೊಳ್ಳಬೇಕು. ಕಂಪನಿಗೆ ಯಾರೂ 51 ಮುಟ್ಟದಿದ್ದರೇ ಹಿತ. ಇಷ್ಟು ವರ್ಷ ನಿಮ್ಮೊಬ್ಬರ ಸಹಿಗೆ ಇಲ್ಲದ ಬೆಲೆ ಈಗ ಬಂದಿದೆ, ಒತ್ತಡವೂ ಅದರ ಜೊತೆಗೇ ಬಂದಿದೆ. ನನ್ನ ಆಸೆ ಏನೆಂದರೆ ಈ ಲೆಕ್ಕವನ್ನು ಎಲ್ಲ ಕಡೆ ಗುಪ್ತ ಮತದಾನದಿಂದಲೇ ಮಾಡಬೇಕು. 1995ರಲ್ಲಿ ಆಹಾರ ನಿಗಮದ ಪ್ರಕರಣದಲ್ಲಿ ಗುಪ್ತ ಮತದಾನ ಹೇಗೆ ನಡೆಸಬೇಕು ಅಂತ ಸುಪ್ರೀಂ ಕೋರ್ಟೇ ಹೆಜ್ಜೆ ಹೆಜ್ಜೆಯಾಗಿ ಹೇಳಿದೆ. ಫಾರಂ ಎಣಿಸಿದರೆ ಯಾರು ಯಾರ ಕಡೆ ಅಂತ ಎಚ್‌ಆರ್‌ಗೂ ಗೊತ್ತಾಗುತ್ತದೆ, ಯೂನಿಯನ್‌ಗೂ ಗೊತ್ತಾಗುತ್ತದೆ. ಮತಪೆಟ್ಟಿಗೆ ಆದರೆ ನಿಮಗೊಬ್ಬರಿಗೇ ಗೊತ್ತು.

ಈಗ ನಿಮ್ಮ ನಿಜವಾದ ಭಯಕ್ಕೆ ಬರುತ್ತೇನೆ, ಕನ್ಫರ್ಮೇಷನ್. ಇಲ್ಲಿ ಸುಳ್ಳು ಧೈರ್ಯ ಹೇಳುವುದಿಲ್ಲ. ಟ್ರೈನಿಯನ್ನು ಹೊರಗೆ ಕಳಿಸುವುದು ಪರ್ಮನೆಂಟ್ ಆದವನನ್ನು ಕಳಿಸುವುದಕ್ಕಿಂತ ಸುಲಭ. ಆದರೆ ಟ್ರೈನಿ ಅಂದರೆ ಯಾವ ಟ್ರೈನಿ ಅನ್ನುವುದು ಮುಖ್ಯ. 1961ರ ಅಪ್ರೆಂಟಿಸ್ ಕಾಯ್ದೆಯಡಿ ನೋಂದಣಿಯಾದ ಕರಾರು ಇದ್ದರೆ ಕಾನೂನಿನ ಪ್ರಕಾರ ನೀವು ಕಲಿಯುವವರು, ಕಾರ್ಮಿಕರಲ್ಲ. ರಕ್ಷಣೆ ಬಹಳ ಕಮ್ಮಿ. ಹಾಗಲ್ಲದೆ ಕಂಪನಿಯೇ ತನ್ನ ಲೆಟರ್‌ಹೆಡ್‌ನಲ್ಲಿ ಟ್ರೈನಿ ಅಂತ ಹೆಸರಿಟ್ಟು, ಮೂರು ಶಿಫ್ಟಿನಲ್ಲೂ ಮಷೀನ್ ನಡೆಸಿ ಟಾರ್ಗೆಟ್ ಕೊಟ್ಟು ದುಡಿಸುತ್ತಿದ್ದರೆ ಕಥೆ ಬೇರೆ. ಲೇಬರ್ ಕೋರ್ಟ್ ಹೆಸರು ನೋಡುವುದಿಲ್ಲ, ಏನು ಕೆಲಸ ಮಾಡಿದಿರಿ ಅಂತ ನೋಡುತ್ತದೆ. ಒಂದು ಸುಲಭದ ಗುರುತು ಹೇಳುತ್ತೇನೆ. ಅಪ್ರೆಂಟಿಸ್ ಕಾಯ್ದೆಯಡಿ ಇರುವವರಿಗೆ ಪಿಎಫ್ ಅನ್ವಯಿಸುವುದಿಲ್ಲ. ನಿಮ್ಮ ಪೇ ಸ್ಲಿಪ್‌ನಲ್ಲಿ ಪಿಎಫ್ ಕಟ್ ಆಗುತ್ತಿದ್ದರೆ ಕಂಪನಿಯೇ ನಿಮ್ಮನ್ನು ಉದ್ಯೋಗಿ ಅಂತ ಒಪ್ಪಿಕೊಂಡ ಹಾಗೆ. ಪರ್ಮನೆಂಟ್ ಸವಲತ್ತು ತಪ್ಪಿಸಲು ಜನರನ್ನು ವರ್ಷಗಟ್ಟಲೆ ಬದಲಿ, ಕ್ಯಾಶುಯಲ್, ಟೆಂಪರರಿ ಅಂತ ಇಟ್ಟುಕೊಳ್ಳುವುದು ಕೂಡ ನಾನು ಮೇಲೆ ಹೇಳಿದ ಆ ಪಟ್ಟಿಯಲ್ಲೇ ಇದೆ.

ಕೆಲಸದಿಂದ ತೆಗೆದರೆ ಏನು ಮಾಡುವುದು? ಯೂನಿಯನ್ ಇಲ್ಲದೆ ಒಬ್ಬರೇ ಕೇಸು ಎತ್ತಬಹುದು. ಮೊದಲು ಒಬ್ಬನ ವಜಾ ವಿವಾದ ಆಗಬೇಕಾದರೆ ಯೂನಿಯನ್ ಬೆಂಬಲ ಬೇಕಿತ್ತು, 1947ರ ಕಾಯ್ದೆಗೆ 1965ರಲ್ಲಿ ಬಂದ 2ಎ ಸೆಕ್ಷನ್ ಅದನ್ನು ಬದಲಿಸಿತು. ಇದು ಕೂಡ ಸೇರದಿರುವವನ ಸ್ವಾತಂತ್ರ್ಯದ ಒಂದು ಭಾಗವೇ. ಆದರೆ ಸಮಯ ಮೀರಬಾರದು. ಹಳೆಯ ಕಾಯ್ದೆಯಲ್ಲಿ ಮೂರು ವರ್ಷ ಇತ್ತು, ಹೊಸ ಸಂಹಿತೆಯಲ್ಲಿ ಎರಡೇ ವರ್ಷ. ಇನ್ನೊಂದು ಕಂಪನಿ ಸೇರಿ, ಮದುವೆ ಮಾಡಿಕೊಂಡು, ಆಮೇಲೆ ನೋಡೋಣ ಅಂತ ಬಿಟ್ಟು ಬಂದವರನ್ನು ನಾನು ವಾಪಸ್ ಕಳಿಸಿದ್ದೇನೆ. ಬಹಳ ಬೇಸರ ಆಗುತ್ತದೆ.

ಎಚ್‌ಆರ್‌ ಸಹಿ ಕೇಳಿದ ಆ ಕಾಗದ. ನಾನು ಕಮಿಟಿಯಲ್ಲಿದ್ದಾಗ ನಮ್ಮ ಕಾರ್ಖಾನೆಯಲ್ಲಿ ಒಂದು ಸೋಮವಾರ ನಲವತ್ತಕ್ಕೂ ಹೆಚ್ಚು ರಾಜೀನಾಮೆ ಪತ್ರ ಒಟ್ಟಿಗೆ ಬಂದವು, ಯೂನಿಯನ್ ಸದಸ್ಯತ್ವಕ್ಕೆ. ಎಲ್ಲವೂ ಒಂದೇ ಟೈಪ್‌ರೈಟರ್‌ನಲ್ಲಿ ಹೊಡೆದವು. ‘ಸ್ವಇಚ್ಛೆಯಿಂದ’ ಅನ್ನುವ ಪದದಲ್ಲಿ ಎಲ್ಲದರಲ್ಲೂ ಒಂದೇ ತಪ್ಪು. ಕೇಳಿದರೆ ಹುಡುಗರು ತಲೆ ತಗ್ಗಿಸಿದರು. ಕೆಲಸಕ್ಕೆ ಸೇರುವಾಗಲೇ ಕಂಪನಿಯವರು ಅವರಿಂದ ಖಾಲಿ ಕಾಗದದ ಮೇಲೆ ಸಹಿ ತೆಗೆದುಕೊಂಡಿದ್ದರು. ಅದರಲ್ಲಿ ಹದಿನೈದು ಜನರಿಗೆ ತಾವು ರಾಜೀನಾಮೆ ಕೊಟ್ಟಿರುವುದೇ ಗೊತ್ತಿರಲಿಲ್ಲ. ನಾನು ಅವರ ಮೇಲೆ ರೇಗಿದೆ. ಇವತ್ತಿಗೂ ಅದಕ್ಕೆ ಬೇಸರ ಇದೆ. ರೇಗಬೇಕಿದ್ದದ್ದು ಅವರ ಮೇಲೆ ಅಲ್ಲ. ಆದ್ದರಿಂದ ನಿಮಗೆ ಹೇಳುತ್ತೇನೆ. ಖಾಲಿ ಕಾಗದಕ್ಕೆ ಸಹಿ ಬೇಡವೇ ಬೇಡ. ಬರೆದ ಕಾಗದವಾದರೆ ಮನೆಗೆ ತೆಗೆದುಕೊಂಡು ಹೋಗಿ ಓದಿ ಬರುತ್ತೇನೆ ಅನ್ನಿ. ಕೊಡುವುದಿಲ್ಲ ಅಂದರೆ ಅದರಲ್ಲಿ ಏನಿತ್ತು ಅಂತ ನೆನಪಿದ್ದಷ್ಟು ಬರೆದಿಡಿ. ಆಗಲೇ ಸಹಿ ಹಾಕಿಬಿಟ್ಟವರು ಯಾರಾದರೂ ಇದ್ದರೆ, ಇಂಥ ದಿನ ನನ್ನಿಂದ ಒತ್ತಾಯದಲ್ಲಿ ಸಹಿ ತೆಗೆದುಕೊಂಡಿದ್ದೀರಿ ಅಂತ ಕಂಪನಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲೋ ಇಮೇಲಿನಲ್ಲೋ ತಿಳಿಸಿ, ಒಂದು ಪ್ರತಿ ನಿಮ್ಮ ಭಾಗದ ಲೇಬರ್ ಆಫೀಸರ್‌ಗೆ ಕೊಟ್ಟು ಸೀಲ್ ಹಾಕಿಸಿಕೊಳ್ಳಲಿ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿದರೆ ಯಾವ ಆಫೀಸು ಅಂತ ಹೇಳುತ್ತಾರೆ.

ಸೇರುವುದು ಅಂತ ಮನಸ್ಸು ಮಾಡಿದರೆ ಯೂನಿಯನ್‌ನವರನ್ನೂ ನಾಲ್ಕು ಮಾತು ಕೇಳಿ. ನೋಂದಣಿ ಸಂಖ್ಯೆ ಏನು, ಕೊನೆಯ ಚುನಾವಣೆ ಯಾವಾಗ ಆಯಿತು, ಲೆಕ್ಕಪತ್ರ ತೋರಿಸುತ್ತೀರಾ, ಟ್ರೈನಿಗಳಿಗೆ ಓಟು ಇದೆಯಾ. ಸದಸ್ಯರಿಗೆ ಲೆಕ್ಕದ ಪುಸ್ತಕ ನೋಡುವ ಹಕ್ಕು 1926ರಿಂದಲೇ ಇದೆ. ರಾಜಕೀಯ ನಿಧಿ ಇದ್ದರೆ ಅದನ್ನು ಬೇರೆಯಾಗಿ ಇಡಬೇಕು ಮತ್ತು ಅದಕ್ಕೆ ಕೊಡಲ್ಲ ಅಂದವನಿಗೆ ಸದಸ್ಯತ್ವದಲ್ಲಿ ಯಾವ ಕೊರತೆಯನ್ನೂ ಮಾಡಬಾರದು ಅಂತಲೂ ಆ ಕಾಯ್ದೆ ಹೇಳಿತ್ತು. ನಿಮ್ಮ ಪಕ್ಷ ಬೇರೆ, ಯೂನಿಯನ್ ನಾಯಕರ ಪಕ್ಷ ಬೇರೆ ಆಗಿದ್ದರೆ ಅದೊಂದೇ ಕಾರಣಕ್ಕೆ ದೂರ ಉಳಿಯಬೇಕಾಗಿಲ್ಲ. ಚಿಕ್ಕ ಯೂನಿಯನ್ ಬಗ್ಗೆಯೂ ಇದೇ ಪ್ರಶ್ನೆ ಕೇಳಿ. ಚಿಕ್ಕದು ಅನ್ನುವ ಕಾರಣಕ್ಕೆ ಒಳ್ಳೆಯದು ಅಂತಲೂ ಅಲ್ಲ, ಕಂಪನಿಯ ಕೈಗೊಂಬೆ ಅಂತಲೂ ಅಲ್ಲ.

ಯೂನಿಯನ್ ಇಲ್ಲದೆಯೂ ಕೆಲಸ ಆಗುತ್ತದಲ್ಲ ಅಂತ ಕೇಳುವವರು 2016ರ ಏಪ್ರಿಲ್ ನೆನಪಿಸುತ್ತಾರೆ. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅನ್ನುವ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು 18ನೇ ತಾರೀಖು ಹೊಸೂರು ರಸ್ತೆಗೆ ಇಳಿದರು. ಮರುದಿನ ತುಮಕೂರು ರಸ್ತೆ, ನಿಮ್ಮ ಪೀಣ್ಯದ ಕಡೆಗೂ ಹರಡಿತು. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. 19ರಂದೇ ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಆ ಹೆಣ್ಣುಮಕ್ಕಳ ಬಗ್ಗೆ ನನಗೆ ಅಪಾರ ಗೌರವ. ಆದರೆ ಸೂಪರ್‌ವೈಸರ್ ಬೈಗುಳ, ಗಂಟೆಗೆ ಇಷ್ಟು ಪೀಸ್ ಅನ್ನುವ ಟಾರ್ಗೆಟ್, ಶೌಚಾಲಯಕ್ಕೆ ಹೋದರೆ ನಿಮಿಷ ಎಣಿಸುವುದು ಇವನ್ನೆಲ್ಲ ಎರಡು ದಿನ ರಸ್ತೆ ತಡೆದು ಬದಲಿಸಲು ಆಗುವುದಿಲ್ಲ. ತಿಂಗಳು ತಿಂಗಳು ಕೂತು ಮಾತಾಡುವವರು ಬೇಕು. ಅದಕ್ಕೆ ಒಂದು ಸಂಘ ಬೇಕು.

ಕೊನೆಯದಾಗಿ ಬಿಡುವ ವಿಷಯ. ಸೇರಿದ ಮೇಲೆ ಬೇಡ ಅನ್ನಿಸಿದರೆ ಬಿಡಬಹುದು. ಯೂನಿಯನ್ ಕಾರ್ಯದರ್ಶಿಗೆ ನಿಮ್ಮ ಕೈಯಲ್ಲೇ ಬರೆದ ಪತ್ರ ಕೊಡಿ, ಪ್ರತಿಯ ಮೇಲೆ ತಲುಪಿದೆ ಅಂತ ಸಹಿ ತೆಗೆದುಕೊಳ್ಳಿ. ಚೆಕ್ ಆಫ್ ಇದ್ದರೆ ಚಂದಾ ಹಿಡಿಯುವುದನ್ನು ನಿಲ್ಲಿಸಿ ಅಂತ ಕಂಪನಿಗೆ ಇನ್ನೊಂದು ಪತ್ರ. ಬೈಲಾದಲ್ಲಿ ಬಾಕಿ ಚಂದಾ ತೀರಿಸಬೇಕು ಅಂತ ಇದ್ದರೆ ತೀರಿಸಿಬಿಡಿ. ಒಂದು ಯೂನಿಯನ್ ಬಿಟ್ಟು ಇನ್ನೊಂದಕ್ಕೆ ಹೋಗುವುದಾದರೆ ಮೊದಲನೆಯದರ ಪತ್ರ ಮುಗಿಸಿಯೇ ಎರಡನೆಯದರ ಫಾರಂ ತುಂಬಿ. ಎರಡೂ ಕಡೆ ಹೆಸರು ಇದ್ದರೆ ಸದಸ್ಯರ ಲೆಕ್ಕ ನೋಡುವಾಗ ತಕರಾರು ಬರುತ್ತದೆ.

ಸದ್ಯಕ್ಕೆ ಇವತ್ತು ಸಂಜೆ ಅಪಾಯಿಂಟ್‌ಮೆಂಟ್ ಲೆಟರ್ ಮತ್ತು ಮೂರು ತಿಂಗಳ ಪೇ ಸ್ಲಿಪ್ ಹುಡುಕಿ ಇಟ್ಟುಕೊಳ್ಳಿ. ಪೇ ಸ್ಲಿಪ್‌ನಲ್ಲಿ ಪಿಎಫ್ ಕಾಲಂ ತುಂಬಿದೆಯಾ, ಲೆಟರ್‌ನಲ್ಲಿ ಅಪ್ರೆಂಟಿಸ್ ಕಾಯ್ದೆಯ ಹೆಸರು ಇದೆಯಾ ಅಂತ ನೋಡಿ ತಿಳಿಸಿ. ಅದು ಗೊತ್ತಾದರೆ ಕನ್ಫರ್ಮೇಷನ್‌ಗೆ ಅರ್ಜಿ ಹೇಗೆ ಬರೆಯಬೇಕು ಅಂತ ಮುಂದಿನ ಸಲ ಹೇಳುತ್ತೇನೆ.